ಹಳೆಯ 250ಆರ್ ಕ್ವಾಡ್‌ಗೆ ಸಿಆರ್500 ಎಂಜಿನ್ ಕೂರಿಸಿದ ನನ್ನ ಅನುಭವ

ಕಳೆದ ಚಳಿಗಾಲ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುಗಾಡಿನಲ್ಲಿ, ಓಲ್ಡ್ಸ್‌ಮೊಬೈಲ್ ಗುಡ್ಡದ ನೆತ್ತಿಯನ್ನು ನನ್ನ ಕ್ವಾಡ್ (ಮರಳು, ಮಣ್ಣಿನಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು) ಎಲ್ಲಿಯೂ ಉಸಿರು ಕಟ್ಟದೆ ಹತ್ತಿದ್ದನ್ನು ಕಂಡ ಮೇಲೆಯೇ ಇದನ್ನು ಬರೆಯುವ ಧೈರ್ಯ ಬಂದಿತು. ಅದಕ್ಕೂ ಹಿಂದಿನ ಹದಿನಾಲ್ಕು ತಿಂಗಳು, ಫೀನಿಕ್ಸ್‌ನಲ್ಲಿರುವ ನನ್ನ ಗ್ಯಾರೇಜಿಗೆ ಬಂದವರೆಲ್ಲ ತಲೆಯಾಡಿಸಿಯೇ ಹೋಗಿದ್ದರು. ಹೆಂಡತಿಯ ಅಣ್ಣನಂತೂ ನೆಲದ ಮೇಲಿದ್ದ ಚಾಸಿಯನ್ನು ಕಾಲಿನಿಂದ ತಟ್ಟಿ, “ಅಲ್ಲ ಭಾವ, ಈ ಗುಜರಿಗೆ ಸುರಿಯೋ ದುಡ್ಡಲ್ಲಿ ಹೊಸದೇ ಬರ್ತಿತ್ತಲ್ವಾ?” ಎಂದು ಕೇಳಿದ್ದರು. ಲೆಕ್ಕದ ಮಟ್ಟಿಗೆ ಅವರು ಹೇಳಿದ್ದು ಸುಳ್ಳಲ್ಲ.

ಚಾಸಿ 1987ರ ಹೋಂಡಾ ಟಿಆರ್‌ಎಕ್ಸ್250ಆರ್. 1986ರಿಂದ 1989ರವರೆಗೆ ನಾಲ್ಕೇ ವರ್ಷ ಬಂದ ಈ ಗಾಡಿಯ ಗುಣವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಹಿಂದೊಮ್ಮೆ ಚೈನ್ ತುಂಡಾಗಿ ಬಡಿದು ಕ್ರ್ಯಾಂಕ್‌ಕೇಸ್ ಒಡೆದಿದ್ದರಿಂದ ನನಗೆ ಸುಮಾರು 1,900 ಡಾಲರಿಗೆ ಸಿಕ್ಕಿತು. ಆ 246 ಸಿಸಿ ಎಂಜಿನ್ನನ್ನೇ ರಿಪೇರಿ ಮಾಡುವ ಬದಲು, 2001ಕ್ಕೆ ನಿಂತುಹೋದ ಹೋಂಡಾ ಸಿಆರ್500 ಮೋಟೋಕ್ರಾಸ್ ಬೈಕಿನ 491 ಸಿಸಿ ಟು-ಸ್ಟ್ರೋಕ್ ಎಂಜಿನ್ನನ್ನು ಕೂರಿಸಲು ಹೊರಟೆ. ಸಿಆರ್‌ಎಫ್450ರ ಫೋರ್-ಸ್ಟ್ರೋಕ್ ಎಂಜಿನ್ ಹಾಕೆಂದು ಹೇಳಿದವರೇ ಹೆಚ್ಚು. ಆದರೆ ಹಾಸನದಲ್ಲಿ ಆರ್‌ಎಕ್ಸ್100 ಎಂಬ ಟು-ಸ್ಟ್ರೋಕ್ ಬೈಕಿನ ಬೋರ್ ಬಿಚ್ಚಿ ಬಿಚ್ಚಿ ಕೈ ಪಳಗಿಸಿಕೊಂಡ ನನಗೆ ವಾಲ್ವ್ ಮತ್ತು ಟೈಮಿಂಗ್ ಚೈನುಗಳ ಸಹವಾಸ ಬೇಕಿರಲಿಲ್ಲ.

ಮೊದಲ ತಪ್ಪು, ಎಂಜಿನ್ನನ್ನು ಫ್ರೇಮಿಗೆ ಬಿಗಿಯುವ ಮುಂದಿನ ಮೌಂಟಿನಿಂದ ಕೆಲಸ ಆರಂಭಿಸಿದ್ದು. ಹಳೆಯ ಬ್ರಾಕೆಟ್‌ಗಳನ್ನು ಕತ್ತರಿಸಿ, ಎಂಜಿನ್ ಚೆನ್ನಾಗಿ ಕೂತಂತೆ ಕಂಡ ಜಾಗದಲ್ಲಿ ಹೊಸದನ್ನು ವೆಲ್ಡ್ ಮಾಡಿಸಿ, ಕೊನೆಗೆ ಚೈನ್ ಹಾಕಲು ನೋಡಿದರೆ ಮುಂದಿನ ಸ್ಪ್ರಾಕೆಟ್ ಹಿಂದಿನದಕ್ಕಿಂತ ಹತ್ತಿರಹತ್ತಿರ 8 ಮಿಲಿಮೀಟರ್ ಹೊರಗೆ ನಿಂತಿತ್ತು. ಸಿಆರ್ ಎಂಜಿನ್ನಿನ ಹಿಂಬದಿಯ ಕಿವಿಗಳ ಮೂಲಕವೇ ಹಿಂದಿನ ಚಕ್ರಗಳನ್ನು ಹಿಡಿದಿರುವ ಸ್ವಿಂಗ್‌ಆರ್ಮ್‌ನ ಪಿವಟ್ ಬೋಲ್ಟ್ ಹಾಯುವುದರಿಂದ, ಮೊದಲು ಪಿವಟ್, ಆಮೇಲೆ ಚೈನಿನ ಸಾಲು, ಕಟ್ಟಕಡೆಗೆ ಮುಂದಿನ ಮೌಂಟು ಎಂಬ ಕ್ರಮದಲ್ಲಿಯೇ ಹೋಗಬೇಕು. ಪಿವಟ್‌ಗೆ ಬೇಕಾದ ಬುಷ್‌ಗಳನ್ನು ಲೇತಿನಲ್ಲಿ ನಾನೇ ಕಡೆದುಕೊಂಡೆ. ಅವುಗಳ ಅಳತೆಗಾಗಿ ಮೂರು ಸಲ ಕಬ್ಬಿಣ ಹಾಳು ಮಾಡಿದ್ದೇನಾದ್ದರಿಂದ ಅದನ್ನಿಲ್ಲಿ ಬರೆಯುವುದಿಲ್ಲ.

ಎರಡನೆಯ ಸಲ ಎಲ್ಲವನ್ನೂ ಸರಿಯಾಗಿ ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕೆ ವೆಲ್ಡ್ ಹಾಕಿ), ಶಾಖ ತಗಲಬಾರದೆಂದು ಎಂಜಿನ್ನನ್ನು ಇಳಿಸಿ ಪೂರ್ತಿ ವೆಲ್ಡ್ ಮಾಡಿಸಿದೆ. ಬಿಸಿಗೆ ಫ್ರೇಮಿನ ಪೈಪು ಎಳೆದುಕೊಂಡು ಸೊಟ್ಟಗಾಯಿತು, ಮೂರು ಬೋಲ್ಟುಗಳಲ್ಲಿ ಒಂದೂ ಒಳಗೆ ಹೋಗಲಿಲ್ಲ. ಆಗ 120 ಡಾಲರಿಗೆ ಒಂದು ಬಿರುಕು ಬಿಟ್ಟ ಖಾಲಿ ಕ್ರ್ಯಾಂಕ್‌ಕೇಸ್ ತಂದು, ಅದನ್ನೇ ಫ್ರೇಮಿಗೆ ಬಿಗಿದು ವೆಲ್ಡ್ ಮಾಡಿಸಿ, ಪೂರ್ತಿ ತಣಿಯುವವರೆಗೆ ಬಿಚ್ಚದೆ ಇಟ್ಟೆ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಲಾಭ ತಂದ ಖರ್ಚು ಅದು. ಮೌಂಟಿನ ತಗಡನ್ನು ಮಾತ್ರ ಜಿಪುಣತನದಿಂದ 3 ಮಿಲಿಮೀಟರಿನದೇ ಹಾಕಿದ್ದೆ. ಈ ಎಂಜಿನ್ನಿಗೆ ಅದುರುವಿಕೆ ತಗ್ಗಿಸುವ ಬ್ಯಾಲೆನ್ಸರ್ ಇಲ್ಲದ ಕಾರಣ ನಡುಕ ಭಯಂಕರ; ನಾಲ್ಕು ಗಂಟೆ ಓಡಿಸುವಷ್ಟರಲ್ಲಿ ವೆಲ್ಡಿನ ಪಕ್ಕದಲ್ಲಿಯೇ ಕೂದಲೆಳೆಯಂಥ ಬಿರುಕು ಕಾಣಿಸಿತು. ಈಗ 6 ಮಿಲಿಮೀಟರ್ ತಗಡಿಗೆ ಮೂಲೆಗಳಲ್ಲಿ ತ್ರಿಕೋನದ ಆಸರೆ ಕೊಟ್ಟಿದ್ದೇನೆ, ಹೆಡ್‌ನಿಂದ ಫ್ರೇಮಿಗೆ ಎರಡು ಕಡೆಯೂ ಪಟ್ಟಿ ಬಿಗಿದಿದ್ದೇನೆ.

ಪಿಸ್ಟನ್ ಜಾಮ್ ಆದ ಕಥೆ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಕಾರ್ಬುರೇಟರ್‌ನಿಂದ ಏರ್‌ಬಾಕ್ಸಿಗೆ ಜಾಗ ಸಾಲದೆ, ಸಿಲಿಂಡರ್ ಕಡೆಯ ರಬ್ಬರ್ ಬೂಟನ್ನು ಕತ್ತರಿಸಿ ಗಿಡ್ಡ ಮಾಡಿದ್ದೆ. ಅಲ್ಲಿಂದ ಗಾಳಿ ಒಳಗೆ ಸೋರಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತಿದೆಯೇ ಎಂದು ಪರೀಕ್ಷಿಸಲು ಅರ್ಧ ಗಂಟೆ ಸಾಕಾಗಿತ್ತು, ಆದರೆ ಆ ಸಂಜೆಯೇ ಓಡಿಸಬೇಕೆಂಬ ಆತುರ. ಮೂರನೆಯ ಗೇರಿನಲ್ಲಿ ಸದ್ದು ಒಮ್ಮೆಲೇ ತೆಳ್ಳಗಾಯಿತು. ನಾನು ಕ್ಲಚ್ ಹಿಡಿಯುವ ಮೊದಲೇ ಹಿಂದಿನ ಚಕ್ರಗಳೆರಡೂ ಬಿಗಿದು ನಿಂತವು. ಬಿಚ್ಚಿ ನೋಡಿದರೆ 89 ಮಿಲಿಮೀಟರಿನ ಹೊಸ ಪಿಸ್ಟನ್ನಿನ ಸುತ್ತ ನಾಲ್ಕು ಕಡೆ ಅಲ್ಯೂಮಿನಿಯಂ ಕರಗಿ ಒರೆಸಿಕೊಂಡಿತ್ತು. ಪಿಸ್ಟನ್, ಸಿಲಿಂಡರಿನ ಲೇಪನ, ಗ್ಯಾಸ್ಕೆಟ್ ಎಲ್ಲ ಸೇರಿ 600 ಡಾಲರಿನಷ್ಟು ಹೋಯಿತು. ಈಗ ಇನ್‌ಟೇಕ್ ಮತ್ತು ಎಗ್ಸಾಸ್ಟ್ ಬಾಯಿಗಳನ್ನು ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ, ಆರು ನಿಮಿಷ ಮುಳ್ಳು ಅಲುಗದೆ ನಿಂತರೆ ಮಾತ್ರ ಪೆಟ್ರೋಲ್ ಹಾಕುತ್ತೇನೆ.

ಅದಾದ ಮೇಲೆ ಬಿಸಿಯ ಕಾಟ. 250ಆರ್‌ನ ರೇಡಿಯೇಟರನ್ನೇ ಉಳಿಸಿಕೊಂಡಿದ್ದೆ. ಅದು ಚಿಕ್ಕದಾಯಿತೆಂದು ಎಲ್ಲರೂ ಅಂದರು, ನಾನೂ ನಂಬಿ ದೊಡ್ಡದಕ್ಕೆ 280 ಡಾಲರ್ ಕೊಟ್ಟೆ. ಆದರೂ ಕುದಿಯುವುದು ನಿಲ್ಲಲಿಲ್ಲ. ಒಂದು ರಾತ್ರಿ ಸುಮ್ಮನೆ ಕುಳಿತು ನೋಡುತ್ತಿರುವಾಗ, ಎತ್ತರದ ಈ ಎಂಜಿನ್ನಿನ ಹೆಡ್ ರೇಡಿಯೇಟರಿನ ಮುಚ್ಚಳಕ್ಕಿಂತ ಮೇಲಿದೆ, ಅಲ್ಲಿ ಸಿಕ್ಕಿಕೊಂಡ ಗಾಳಿಗೆ ಹೊರಹೋಗಲು ದಾರಿಯೇ ಇಲ್ಲ ಎಂಬುದು ಹೊಳೆಯಿತು. ಮೇಲಿನ ಹೋಸಿನ ಅತಿ ಎತ್ತರದ ಜಾಗದಲ್ಲಿ ನೀರು ತುಂಬುವ ಒಂದು ಬಾಯಿಯನ್ನು ಕೂರಿಸಿ, ಮುಂದಿನ ಚಕ್ರಗಳನ್ನು ದಿಮ್ಮಿಯ ಮೇಲೇರಿಸಿ ತುಂಬಿದೆ; ಗುಳುಗುಳು ಎಂದು ಅರ್ಧ ಲೀಟರಿನಷ್ಟು ಹೆಚ್ಚು ಹಿಡಿಯಿತು. ಹಳೆಯ ರೇಡಿಯೇಟರೇ ಸಾಕಾಗುತ್ತಿತ್ತೇನೋ.

ಬೈಕಿನ ಎಗ್ಸಾಸ್ಟ್ ಪೈಪು ಕ್ವಾಡಿನ ಫ್ರೇಮಿನೊಳಗೆ ತೂರುವುದಿಲ್ಲ, ಪ್ರಯತ್ನಿಸಲೂ ಬೇಡಿ. ನಾನು ಅದನ್ನು ತುಂಡರಿಸಿ ಮರುಜೋಡಿಸಲು ಎರಡು ವಾರ ಕಳೆದು, ಕೊನೆಗೆ ಕ್ವಾಡಿಗೆಂದೇ ಮಾಡಿದ ಸೆಕೆಂಡ್ ಹ್ಯಾಂಡ್ ಪೈಪಿಗೆ 450 ಡಾಲರ್ ತೆತ್ತೆ. ಕಿಕ್ಕರ್ ಕಾಲಿಡುವ ಪೆಗ್ಗಿಗೆ ತಾಗುತ್ತಿದ್ದುದರಿಂದ ಅದನ್ನು ಕಾಯಿಸಿ ಬಗ್ಗಿಸಿದೆ. ಅರೆಮನಸ್ಸಿನ ಕಿಕ್ ಹೊಡೆದರೆ ಅದು ತಿರುಗಿ ಒದೆಯುತ್ತದೆ; ನನ್ನ ಬಲಗಾಲಿನ ಪಾದ ಹತ್ತು ದಿನ ಊದಿಕೊಂಡಿತ್ತು.

ನಡುವೆ ಒಂದು ತಿಂಗಳು ಹೆಬ್ಬೆರಳಿನ ಥ್ರಾಟಲ್ ತೆಗೆದು ಬೈಕಿನಂತೆ ತಿರುಚುವ ಹಿಡಿಕೆಯನ್ನು ಹಾಕಿ ನೋಡಿದೆ. ಹೆಬ್ಬೆರಳ ನೋವು ಹೋಯಿತು, ಆದರೆ ಮರಳಿನ ಏರಿನಲ್ಲಿ ಮೈ ಹಿಂದಕ್ಕೆ ಜಗ್ಗಿದಾಗ ಕೈ ತಾನಾಗಿಯೇ ಥ್ರಾಟಲ್ ಪೂರ್ತಿ ತೆರೆದುಬಿಡುತ್ತಿತ್ತು. ಹಳೆಯದಕ್ಕೇ ಮರಳಿ, 38 ಮಿಲಿಮೀಟರಿನ ಕೀಹಿನ್ ಕಾರ್ಬುರೇಟರಿಗೆ ಮೆದು ಸ್ಪ್ರಿಂಗ್ ಹಾಕಿಕೊಂಡೆ. ಪೆಟ್ರೋಲ್ ಅಳೆದುಬಿಡುವ ಮೇನ್ ಜೆಟ್ಟಿನ ಸಂಖ್ಯೆ 170ರಿಂದ 178ರವರೆಗೆ ಓಡಾಡಿ, ಚಳಿಗಾಲಕ್ಕೆ 175ರ ಸುಮಾರಿನಲ್ಲಿ ನಿಂತಿದೆ. ಹೆಡ್ ಎಷ್ಟು ಕೊರೆಸಿದ್ದೇನೆಂಬುದು ನನ್ನಲ್ಲಿಯೇ ಇರಲಿ. ಪಂಪಿನ 91 ಆಕ್ಟೇನ್ ಪೆಟ್ರೋಲಿನಲ್ಲಿಯೇ ಬಡಿತವಿಲ್ಲದೆ ಓಡುತ್ತದೆ ಎಂದಷ್ಟೇ ಹೇಳುತ್ತೇನೆ.

ಗೇರಿಂಗ್ ಮಾತ್ರ ಲೆಕ್ಕ ಹಾಕಿದಂತೆಯೇ ಬಂದ ಒಂದೇ ಸಂಗತಿ. ಬೈಕಿನ ಹಿಂದಿನ ಚಕ್ರದ ಎತ್ತರ 26 ಇಂಚಿನ ಸುಮಾರು, ಕ್ವಾಡಿನದು 20 ಇಂಚು. ಬೈಕಿಗೆ ಹಿಂದಿನ ಮತ್ತು ಮುಂದಿನ ಸ್ಪ್ರಾಕೆಟ್ ಹಲ್ಲುಗಳ ಅನುಪಾತ 3.5 ಎಂದು ಹಿಡಿದರೆ ಇಲ್ಲಿಗೆ 2.7 ಆಗುತ್ತದೆ, ಅಂದರೆ ಮುಂದೆ 14 ಹಲ್ಲು, ಹಿಂದೆ 38. ಹುಟ್ಟಿನಂಥ ಪಟ್ಟಿಗಳಿರುವ ಮರಳಿನ ಪ್ಯಾಡಲ್ ಟೈರಿಗೆ ಹಿಂದೆ 40 ಹಾಕುತ್ತೇನೆ.

ಕಾರ್ಬುರೇಟರ್ ಇಲ್ಲದ ಎಂಜಿನ್ನಿಗೆ 2,700, ವೆಲ್ಡಿಂಗಿಗೆ ಮೂರು ಕಂತಿನಲ್ಲಿ 1,100, ಚಿಲ್ಲರೆಯೆಂದು ಬರೆದಿಡದೆ ಬಿಟ್ಟದ್ದೇ ಒಂದೂವರೆ ಸಾವಿರ ಇರಬೇಕು. ನಾಲ್ಕೂವರೆ ಸಾವಿರದಲ್ಲಿ ಮುಗಿಸುತ್ತೇನೆಂದು ಮನೆಯಲ್ಲಿ ಹೇಳಿ ಆರಂಭಿಸಿದ ಕೆಲಸ 9,000 ಡಾಲರ್ ದಾಟಿದೆ. ಗ್ಲಾಮಿಸ್‌ನಲ್ಲಿ ಅಂದು ಪಕ್ಕದಲ್ಲಿ ನಿಂತ ಎರಡು ಹೊಸ 450 ಸಿಸಿ ಕ್ವಾಡುಗಳನ್ನು ಗುಡ್ಡದ ಅರ್ಧದಲ್ಲಿಯೇ ಹಿಂದಿಕ್ಕಿದೆ. ಅವರು ಇಳಿದು ಬಂದು ಎಂಜಿನ್ನಿನ ಸುತ್ತ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದಾಗ, ಹೆಂಡತಿಯ ಅಣ್ಣನೇ ಮೌಂಟಿನ ಕಡೆ ಬೆರಳು ತೋರಿಸಿ ನನಗಿಂತ ಮೊದಲೇ ವಿವರಿಸಲು ತೊಡಗಿದ್ದರು. ಸಿಆರ್‌ನ ಮ್ಯಾಗ್ನೆಟೋದಲ್ಲಿ ದೀಪದ ಕಾಯಿಲ್ ಇಲ್ಲ, ನಾನಿನ್ನೂ ಬೇರೆ ಹಾಕಿಸಿಲ್ಲ. ಹಾಗಾಗಿ ಹೊತ್ತು ಮುಳುಗುವ ಮೊದಲೇ ಕ್ಯಾಂಪಿಗೆ ಹಿಂದಿರುಗಿದೆವು.