ಮಳೆಗಾಲದಲ್ಲೂ ಲೈನ್ ಬೀಳದೆ ನಿಂತಿತು: ಟೆಲ್ನೆಟ್‌ನಲ್ಲಿ ಮೋಡೆಮ್ ಪಳಗಿಸಿದ ನನ್ನ ಅನುಭವ

ಉಡುಪಿ ಹತ್ತಿರದ ಹಿರಿಯಡಕದ ನಮ್ಮ ಮನೆಗೂ ಟೆಲಿಫೋನ್ ಎಕ್ಸ್‌ಚೇಂಜ್‌ಗೂ ನಡುವೆ ಮೂರೂವರೆ ಕಿಲೋಮೀಟರ್ ಆದರೂ ತಾಮ್ರದ ತಂತಿ ಉಂಟು; ಎಡಿಎಸ್ಎಲ್ ಇಂಟರ್ನೆಟ್ ಬರುವುದು ಈ ಫೋನ್ ತಂತಿಯಲ್ಲೇ. ಅಟೆನ್ಯುಯೇಷನ್, ಅಂದರೆ ದಾರಿಯಲ್ಲಿ ಸಿಗ್ನಲ್ ಸೊರಗುವುದು, 50 ಡಿಬಿ ಹತ್ತಿರ. 2020ರ ಮಳೆಗಾಲದಲ್ಲಿ ಅಕ್ಕನ ಮಗಳಿಗೆ ಆನ್‌ಲೈನ್ ಕ್ಲಾಸ್. ಜೂನ್ ಮಳೆ ಹಿಡಿದ ಮೇಲೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಸಲ ಲೈನ್ ಬೀಳುತ್ತಿತ್ತು.

ಲೈನ್ ನೋಡಲು ಬಂದವರು "ಇದು ತಂತಿಯದ್ದೇ ತೊಂದರೆ ಮಾರಾಯ್ರೆ, ಮೋಡೆಮ್ ಒಳಗೆ ನೀವು ಏನು ಟೈಪ್ ಮಾಡಿದರೂ ಆಗುವುದಿಲ್ಲ" ಎಂದರು. ಭಾವನದ್ದೂ ಅದೇ ಮಾತು: "ಸುಮ್ನೆ ನಾಲ್ಕು ಸಾವಿರದ ಹೊಸ ಮೋಡೆಮ್ ತಗೊಳ್ಳಿ." ನಾನು ತೆಗೆದುಕೊಳ್ಳಲಿಲ್ಲ.

ಮೋಡೆಮ್‌ನ ವೆಬ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ತಂತಿಯಲ್ಲಿನ ವಿದ್ಯುತ್ ಗದ್ದಲ ತಡೆದುಕೊಳ್ಳಲು ಉಳಿದಿರುವ ಅವಕಾಶ) ಕಾಣುತ್ತದೆ, ಬದಲಿಸಲು ಆಗುವುದಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಪುಟ್ಟಿ ಎಂಬ ತಂತ್ರಾಂಶ ತೆರೆದು ಟೆಲ್ನೆಟ್‌ಗೆ, ಅಂದರೆ ಮೋಡೆಮ್‌ಗೆ ನೇರವಾಗಿ ಆಜ್ಞೆ ಟೈಪ್ ಮಾಡುವ ದಾರಿಗೆ, ಇಳಿದೆ. ಮೊದಲ ಮೋಡೆಮ್‌ನಲ್ಲಿ ಶೆಲ್ (ಎಲ್ಲ ಆಜ್ಞೆ ಕೊಡಬಹುದಾದ ಜಾಗ) ಸಿಗಲೇ ಇಲ್ಲ. ನಾಲ್ಕೈದು ಆಜ್ಞೆ ಬಿಟ್ಟರೆ ಬೇರೇನೂ ಒಪ್ಪುವುದಿಲ್ಲ. ಬ್ರಾಡ್‌ಕಾಮ್ ಕಂಪನಿಯ ಚಿಪ್ ಇದ್ದ ಹಳೆಯ ಮೋಡೆಮ್ ಒಂದನ್ನು 600 ರೂಪಾಯಿಗೆ ತಂದೆ. ಒಂದು ವಾರವೂ ಬಾಳಲಿಲ್ಲ. ಗುಡುಗು ಶುರುವಾದಾಗ ಕರೆಂಟ್ ತೆಗೆದಿದ್ದೆ, ಫೋನ್ ತಂತಿ ತೆಗೆದಿರಲಿಲ್ಲ. ಒಂದೇ ಸಿಡಿಲಿಗೆ ಹೋಯಿತು. ಅಂಥದ್ದೇ ಇನ್ನೊಂದಕ್ಕೆ ಮತ್ತೆ 700. ಫಿಲ್ಟರ್, ಅಡಾಪ್ಟರ್ ಎಲ್ಲ ಸೇರಿ ಸುಮಾರು 2,000 ಖರ್ಚಾಯಿತು.

ಎರಡು ದಿನ ಏನೂ ಬದಲಿಸದೆ ಬರೀ ಅಂಕಿ ಬರೆದಿಟ್ಟೆ. ಬೆಳಿಗ್ಗೆ ಮಾರ್ಜಿನ್ 6 ಡಿಬಿ. ರಾತ್ರಿ ಎಂಟರ ಮೇಲೆ ಎರಡು, ಒಂದು, ಆಮೇಲೆ ಲೈನ್ ಇಲ್ಲ. ಗುಟ್ಟು ಇಲ್ಲೇ ಇತ್ತು. ಸಿಂಕ್ ಆಗುವ (ಎಕ್ಸ್‌ಚೇಂಜ್ ಜೊತೆ ಕೊಂಡಿ ಹಿಡಿಯುವ) ಹೊತ್ತಿನ ಗದ್ದಲ ನೋಡಿ ಮೋಡೆಮ್ ವೇಗ ಹಿಡಿಯುತ್ತದೆ. ಬೆಳಿಗ್ಗೆಯ ವೇಗವನ್ನು ರಾತ್ರಿ ತಡೆದುಕೊಳ್ಳಲು ಅದಕ್ಕೆ ಆಗುತ್ತಿರಲಿಲ್ಲ.

ಎಷ್ಟು ಮಾರ್ಜಿನ್ ಉಳಿಸಿಕೊಂಡು ವೇಗ ಹಿಡಿಯಬೇಕು ಎಂದು ಹೇಳುವ ಎಸ್‌ಎನ್‌ಆರ್ ಅಂಕಿ ನನ್ನ ಮೋಡೆಮ್‌ನಲ್ಲಿ 100 ಇತ್ತು. ಜಾಸ್ತಿ ಜನ ವೇಗಕ್ಕಾಗಿ ಅದನ್ನು ಇಳಿಸುತ್ತಾರೆ. ನಾನು ಏರಿಸಿದೆ. 130ಕ್ಕೆ ಸಾಲಲಿಲ್ಲ, 200ಕ್ಕೆ ವೇಗ ತೀರಾ ಬಿತ್ತು, 170ರ ಆಸುಪಾಸಿನಲ್ಲಿ ಲೈನ್ ಬೀಳದೆ ನಿಂತಿತು. ಮಾಡ್ಯುಲೇಷನ್ (ಸಿಗ್ನಲ್ ಕಳಿಸುವ ಬಗೆ) ಎಡಿಎಸ್ಎಲ್2 ಪ್ಲಸ್ ಬಿಟ್ಟು, ಅದರ ಅರ್ಧ ಬ್ಯಾಂಡ್ ಮಾತ್ರ ಬಳಸುವ ಹಳೆಯ ಜಿ.ಡಿಎಂಟಿಗೆ ಹಾಕಿದೆ. ಇಷ್ಟು ಉದ್ದದ ತಂತಿಯಲ್ಲಿ ಮೇಲಿನ ಅರ್ಧ ಬ್ಯಾಂಡ್ ಹೇಗೂ ಕೆಲಸಕ್ಕೆ ಬರುವುದಿಲ್ಲ ಅಲ್ವಾ? ವೇಗ 3.8 ಎಂಬಿಪಿಎಸ್ ಇದ್ದದ್ದು 2.5ಕ್ಕೆ ಇಳಿಯಿತು. ಕ್ಲಾಸಿಗೆ ಅಷ್ಟು ಸಾಕಿತ್ತು.

ಗದ್ದಲ ಎಲ್ಲಿಂದ ಬರುತ್ತದೆ ಎಂದು ಹುಡುಕಲು ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಪ್ಪನ ಹಳೆಯ ರೇಡಿಯೋವನ್ನು ಮೀಡಿಯಂ ವೇವ್‌ಗೆ ಹಾಕಿ, ಸ್ಟೇಷನ್ ಇಲ್ಲದ ಕಡೆ ನಿಲ್ಲಿಸಿ, ಮನೆಯಿಡೀ ಸುತ್ತಿದೆ. ಎಡಿಎಸ್ಎಲ್ ಓಡುವ ಬ್ಯಾಂಡ್‌ನ ಒಂದು ಭಾಗ ಮೀಡಿಯಂ ವೇವ್‌ನಲ್ಲೇ ಬರುತ್ತದೆ. ಚಾವಡಿಯ ಎಲ್‌ಇಡಿ ಬಲ್ಬ್ ಹತ್ತಿರ ಜೋರಾಗಿ ಗೊರಗೊರ ಎಂದಿತು. ಬಲ್ಬ್ ಬದಲಿಸಿದ್ದಕ್ಕೆ ರಾತ್ರಿ ಒಂದೂವರೆ ಡಿಬಿ ಮಾರ್ಜಿನ್ ಹೆಚ್ಚು ಸಿಕ್ಕಿತು! 90 ರೂಪಾಯಿ ಬಲ್ಬಿಗೆ ಇಷ್ಟು ಲಾಭ ನಾನು ಬೇರೆಲ್ಲೂ ಕಂಡಿಲ್ಲ.

ಒಂದು ತೊಂದರೆ ಉಳಿಯಿತು. ಕರೆಂಟ್ ಹೋಗಿ ಬಂದರೆ ಟೈಪ್ ಮಾಡಿದ್ದೆಲ್ಲ ಅಳಿಸಿ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕಿ ಸ್ಕ್ರಿಪ್ಟ್ (ತಾನೇ ಓಡುವ ಪುಟ್ಟ ಪ್ರೋಗ್ರಾಮ್) ಬರೆದೆ. ಐದು ನಿಮಿಷಕ್ಕೊಮ್ಮೆ ಅದು ಟೆಲ್ನೆಟ್‌ಗೆ ಹೋಗಿ ನೋಡಿ, ಸೆಟ್ಟಿಂಗ್ ಹೋಗಿದ್ದರೆ ಮತ್ತೆ ಹಾಕುತ್ತದೆ. ಕರೆಂಟ್ ಬಂದ ಕೂಡಲೇ ಹಾಕಿದರೆ ನಿಲ್ಲುವುದಿಲ್ಲ, ಸ್ವಲ್ಪ ಕಾಯಬೇಕು. ಎಷ್ಟು ಕಾಯಬೇಕು, ಏನು ನೋಡಿ ಹಾಕಬೇಕು ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ಹದಿನೈದು ರಾತ್ರಿ ಕೂತಿದ್ದೇನೆ.

ಆಟಿ ತಿಂಗಳ ಜಡಿಮಳೆಯಲ್ಲಿ, ಕರೆಂಟ್ ಹೋದದ್ದು ಬಿಟ್ಟರೆ, ಲೈನ್ ಹನ್ನೊಂದು ದಿನ ಒಮ್ಮೆಯೂ ಬೀಳಲಿಲ್ಲ. ಭಾವನನ್ನು ಕರೆದು ತೋರಿಸಿದೆ. ಮುಂದಿನ ವಾರ ಪೆರ್ಡೂರಿನ ತಮ್ಮ ಗೆಳೆಯರ ಮನೆಗೆ ಅವರೇ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿದ್ದ ಮೋಡೆಮ್‌ನ ಚಿಪ್ ಬೇರೆ, ನನ್ನ ಒಂದು ಆಜ್ಞೆಯನ್ನೂ ಒಪ್ಪಲಿಲ್ಲ. ಬ್ರಾಡ್‌ಕಾಮ್ ಚಿಪ್‌ನದ್ದು ಹುಡುಕಿ ತಂದು ಹಾಕಿದ ಮೇಲೆ ಅಲ್ಲಿಯೂ ಲೈನ್ ಬೀಳದೆ ನಿಂತಿತು. ಅಲ್ಲಿ ಎಸ್‌ಎನ್‌ಆರ್ ಅಂಕಿ 145ಕ್ಕೇ ಸಾಕಾಯಿತು.