ರೀಕಾಲ್ ಆದ ಗಾಡಿ: ‘ಪಾರ್ಟ್ ಬಂದಿಲ್ಲ’ ಅಂದರೆ ಏನು ಮಾಡಬೇಕು?

ಗಾಡಿಯಲ್ಲಿ ತಯಾರಿಕೆಯ ದೋಷ ಇದೆ, ತನ್ನಿ, ಪುಕ್ಕಟೆ ಸರಿಮಾಡಿಕೊಡ್ತೀವಿ ಅಂತ ಕಂಪನಿಯೇ ಕರೆಯುವುದು ರೀಕಾಲ್. ಆ ಕಾಗದ ಎಷ್ಟೋ ಸಲ ಮೊದಲ ಮಾಲೀಕರ ಮನೆಗೆ ಹೋಗಿ ಅಲ್ಲೇ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರು ಕಾಯಬೇಡಿ, ನೀವೇ ನೋಡಿ.

ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದಿಲ್ಲ. ಗುಂಡಗೆ ಕಂಡದ್ದು ಸೊನ್ನೆ. ವಾಟ್ಸ್ಆ್ಯಪ್‌ನಲ್ಲಿ ಬರುವ, ಓಟಿಪಿ ಕೇಳುವ ಲಿಂಕ್ ಮುಟ್ಟಲೇಬೇಡಿ. ರೀಕಾಲ್‌ನಲ್ಲಿ ನಿಮ್ಮ ಗಾಡಿಯೂ ಇದೆ ಅಂತ ಬಂದರೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಹೋಗಿ.

ಎಲ್ಲರೂ ಎಡವುವುದು ಅಲ್ಲಿಯೇ. ನಮ್ಮ ಪಕ್ಕದ ಮನೆಯವರು ಏರ್‌ಬ್ಯಾಗ್ ರೀಕಾಲ್‌ಗೆ ಮೂರು ಸಲ ಹೋಗಿ ಬಂದರು. ಕೈಯಲ್ಲಿದ್ದದ್ದು ಒಂದು ವಿಸಿಟಿಂಗ್ ಕಾರ್ಡ್, ಅದರ ಹಿಂದೆ ನೀಲಿ ಪೆನ್ನಲ್ಲಿ ‘ಮುಂದಿನ ವಾರ’. ಯಾವ ವಾರ? ತಾರೀಖೇ ಇಲ್ಲ. ಐದು ತಿಂಗಳಾದ ಮೇಲೆ ಹೊಸ ಅಡ್ವೈಸರ್, ‘ನೀವು ಬಂದ ದಾಖಲೆಯೇ ಇಲ್ವಲ್ಲ ಸರ್’ ಅಂದ.

ಅದಕ್ಕೇ ಹೇಳೋದು, ಪಾರ್ಟ್ ಇಲ್ಲದಿದ್ದರೂ ಜಾಬ್ ಕಾರ್ಡ್, ಅಂದರೆ ಗಾಡಿ ಬಂದದ್ದನ್ನೂ ಆಗಬೇಕಾದ ಕೆಲಸವನ್ನೂ ಸರ್ವಿಸ್ ಸೆಂಟರ್ ಬರೆದಿಡುವ ಚೀಟಿ, ತೆರೆಸಿ. ಚಾಸಿ ನಂಬರ್, ರೀಕಾಲ್ ನಂಬರ್, ಓಡಿದ ಕಿಲೋಮೀಟರ್, ‘ಪಾರ್ಟ್ ಇಲ್ಲ, ಆರ್ಡರ್ ಹಾಕಿದೆ’ ಅನ್ನುವ ಮಾತು, ಆವತ್ತಿನ ತಾರೀಖು ಎಲ್ಲವನ್ನೂ ಬರೆಸಿ, ಸೀಲ್ ಹಾಕಿಸಿಕೊಂಡೇ ಹೊರಡಿ. ಒಪ್ಪಲಿಲ್ವಾ? ಅಲ್ಲೇ ನಿಂತು ಇದನ್ನೆಲ್ಲ ಕಂಪನಿಯ ಕಸ್ಟಮರ್ ಕೇರಿಗೆ ಇಮೇಲ್ ಮಾಡಿ. ‘ಪಾರ್ಟ್ ಬರುವವರೆಗೆ ಈ ಗಾಡಿ ಓಡಿಸಬಹುದಾ?’ ಅಂತಲೂ ಕೇಳಿ. ಉತ್ತರ ಬಾಯಿಮಾತಲ್ಲಿ ಬೇಡ, ಬರಹದಲ್ಲೇ ಬರಲಿ.

ಜಪಾನಿನ ಟಕಾಟಾ ಕಂಪನಿ ಮಾಡಿದ, ರೀಕಾಲ್ ಆದ ಏರ್‌ಬ್ಯಾಗ್ ಇರುವವರು ಒಂದು ದಿನವೂ ತಡಮಾಡಬೇಡಿ. ಅದರೊಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವಕ್ಕೆ ಹಾಳಾಗಿ, ಅಪಘಾತದಲ್ಲಿ ಬ್ಯಾಗ್ ಬಿಚ್ಚುವಾಗ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಮುಖ, ಕುತ್ತಿಗೆಗೆ ನುಗ್ಗಬಹುದು. ಮಂಗಳೂರು, ಕಾರವಾರದ ಹವೆ ಅಂಥದ್ದೇ ಅಲ್ವಾ? ರೀಕಾಲ್ ಎಡಗಡೆಯ ಬ್ಯಾಗಿಗಾದರೆ ಆ ಮುಂದಿನ ಸೀಟಲ್ಲಿ ಯಾರನ್ನೂ ಕೂರಿಸಬೇಡಿ. ಡ್ರೈವರ್ ಕಡೆಯದಾದರೆ ಗಾಡಿ ನಿಲ್ಲಿಸಿಬಿಡಿ. ಗುಜರಿಯ ಏರ್‌ಬ್ಯಾಗ್ ಹಾಕಿಸುವುದು, ಫ್ಯೂಸ್ ಕೀಳಿಸುವುದು ಎರಡೂ ಬೇಡ.

ಹದಿನೈದು ದಿನ ಸದ್ದಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕಂಪನಿ ರೀಕಾಲ್ ಮಾಡದೇ ಇರುವ ದೋಷ ಕಂಡರೆ, ಗಾಡಿಗೆ 7 ವರ್ಷ ತುಂಬಿಲ್ಲದಿದ್ದರೆ, ವಾಹನ್ ಪೋರ್ಟಲ್‌ನಲ್ಲಿ ದೂರು ಹಾಕಿ. 2021ರ ಏಪ್ರಿಲ್‌ನಿಂದ ಸರ್ಕಾರವೇ ರೀಕಾಲ್‌ಗೆ ಆದೇಶ ಕೊಡಬಹುದು, 10 ಲಕ್ಷದಿಂದ 1 ಕೋಟಿಯವರೆಗೆ ದಂಡವೂ ಇದೆ.

ಕೆಲಸ ಮುಗಿದ ಮೇಲೆ ಬಿಲ್ಲಿನಲ್ಲಿ ರೀಕಾಲ್ ನಂಬರ್ ಇದೆಯಾ, ಮೊತ್ತ ಸೊನ್ನೆ ಇದೆಯಾ ನೋಡಿ. ಅದನ್ನು ಆರ್‌ಸಿ ಜೊತೆಯಲ್ಲೇ ಇಡಿ, ಗಾಡಿ ಮಾರುವಾಗ ಕೊಂಡವರ ಕೈಗೆ ಕೊಡಿ.