ಸುರುಳಿಯ ಆಸೆ ಬಿಟ್ಟ ಮೇಲೆ ಸಿಕ್ಕ ಮ್ಯಾಂಡೊಲಿನ್

ಮೂರನೇ ಮ್ಯಾಂಡೊಲಿನ್ ತಂದ ದಿನ ನಾವು ಒಟ್ಟಿಗೆ ನುಡಿಸುವ ಗುಂಪಿನ ಹಿರಿಯರೊಬ್ಬರು ಅದನ್ನು ಎರಡು ಸಲ ಮೀಟಿದರು. ವಾಪಸ್ ಪೆಟ್ಟಿಗೆಯಲ್ಲಿಟ್ಟು "ಸತ್ತ ಮರ ಕಣಯ್ಯ ಇದು, ದುಡ್ಡು ದಂಡ" ಅಂದರು. ಪಕ್ಕದಲ್ಲಿದ್ದ ಗೆಳೆಯ ಸುಮ್ನಿರಲಿಲ್ಲ. "ಸುರುಳಿನೂ ಇಲ್ವಲ್ಲೋ, ಬೋಳು ಬೋಳಾಗಿದೆ" ಅಂದ. (ಸುರುಳಿ ಅಂದರೆ ಕೆಲವು ಮ್ಯಾಂಡೊಲಿನ್ ಮೈಯ ಮೇಲ್ತುದಿಯಲ್ಲಿ ಸುತ್ತಿಕೊಂಡಿರುವ ಅಲಂಕಾರ.) ಇದಾಗಿ ಈಗ ಎಂಟು ತಿಂಗಳು. ಅದೇ ಸತ್ತ ಮರ ಇವತ್ತು ಗುಂಪಿನಲ್ಲಿ ಎಲ್ಲರ ವಾದ್ಯಕ್ಕಿಂತ ಜೋರಾಗಿ ಕೇಳಿಸುತ್ತಿದೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ದುಡ್ಡಿನ ಲೆಕ್ಕ ಸುಲಭವಾಗಲಿ ಅಂತ ನನ್ನ ಬಜೆಟ್ 100 ಅಂತ ಇಟ್ಟುಕೊಳ್ಳೋಣ. ಕಲಿಯಲು ಶುರು ಮಾಡುವವರು ಕೊಳ್ಳುವ ಅಗ್ಗದ ವಾದ್ಯದ ಮೂರು ನಾಲ್ಕು ಪಟ್ಟು ಇದು. ಒಬ್ಬರೇ ಕೂತು ಕೈಯಲ್ಲಿ ಮಾಡಿಕೊಡುವ ವಾದ್ಯದ ಬೆಲೆಯಲ್ಲಿ ಕಾಲು ಭಾಗವೂ ಇಲ್ಲ. ಮಧ್ಯದ ಜಾಗ. ದುಡ್ಡು ಕಳೆದುಕೊಳ್ಳೋದು ಜಾಸ್ತಿ ಇಲ್ಲೇ, ಯಾಕಂದ್ರೆ ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತದೆ.

ಮೊದಲ ಸಲ ಕೈ ಸುಟ್ಟುಕೊಂಡಿದ್ದು ಸುರುಳಿಯ ಆಸೆಗೆ. ಸುರುಳಿ ಇರುವ ಎಫ್ ಆಕಾರ, ಅಂಚಿಗೆ ಕಪ್ಪು ನಡುವೆ ಜೇನಿನ ಬಣ್ಣ, ಬಂಗಾರದ ಬಣ್ಣದ ಬಿರಡೆ. 75 ಎಣಿಸಿ ಕೊಟ್ಟೆ. ಎರಡು ವಾರ ಖುಷಿಯೋ ಖುಷಿ. ಆಮೇಲೆ ಕಿವಿ ನಿಧಾನಕ್ಕೆ ಸತ್ಯ ಹೇಳತೊಡಗಿತು. ಮೀಟಿದರೆ ಟಣ್ ಅನ್ನುತ್ತದೆ, ಅಷ್ಟೇ, ಅದರ ಹಿಂದೆ ಏನೂ ಇಲ್ಲ. ಅತಿ ದಪ್ಪನೆಯ ಜಿ ತಂತಿಯಂತೂ ರಟ್ಟಿನ ಡಬ್ಬಿ ಬಡಿದ ಹಾಗೆ. ಒಂದು ರಾತ್ರಿ ಟಾರ್ಚ್ ಹಾಕಿ, ಮುಂಭಾಗದಲ್ಲಿ f ಅಕ್ಷರದ ಹಾಗೆ ಕೊರೆದ ಎಫ್ ರಂಧ್ರದ ಅಂಚು ನೋಡಿದೆ. ಮೂರು ಪದರ. ಪ್ಲೈವುಡ್! ಮೇಲೆ ಥಳುಕು, ಒಳಗೆ ಹುಳುಕು. ಕೊನೆಗೆ 40ಕ್ಕೆ ಮಾರಿದೆ, ಅದೂ ಕೊಂಡವನಿಗೆ ಇದು ಪ್ಲೈವುಡ್ ಅಂತ ಹೇಳಿಯೇ.

ಈ ಸುರುಳಿಯ ಹುಚ್ಚು ಯಾಕೆ ಹತ್ತುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅಮೆರಿಕದ ವಾದ್ಯ ತಯಾರಕರಾದ ಗಿಬ್ಸನ್ ಕಂಪನಿಯಲ್ಲಿ ಲಾಯ್ಡ್ ಲೋರ್ 1922ರಿಂದ 24ರವರೆಗೆ ಸಹಿ ಹಾಕಿ ಕಳಿಸಿದ ಎಫ್-5ಗಳು ಇವೆಯಲ್ಲ, ಅವುಗಳಲ್ಲಿ 1923ರ ಒಂದನ್ನು ಬ್ಲೂಗ್ರಾಸ್ ಸಂಗೀತದ ಬಿಲ್ ಮನ್ರೋ ದಶಕಗಟ್ಟಲೆ ನುಡಿಸಿದರು. ಆಮೇಲೆ ಮ್ಯಾಂಡೊಲಿನ್ ಅಂದ್ರೆ ಹೀಗೇ ಇರಬೇಕು ಅಂತಾಯಿತು. ಆದರೆ ಅದೇ 1923ರಲ್ಲಿ ಲೋರ್ ಸಹಿ ಇರುವ ಎ ಆಕಾರದ್ದೂ, ಅಂದರೆ ಸುರುಳಿ ಇಲ್ಲದ್ದೂ, ಒಂದು ಹೊರಬಂತು, ಅದರ ಸುದ್ದಿ ಯಾರೂ ಎತ್ತಲ್ಲ. ಸುರುಳಿಯೊಳಗೆ ಬಹುಪಾಲು ಗಟ್ಟಿ ಮರವೇ ಇರುವುದು, ಟೊಳ್ಳಿಲ್ಲ, ನಾದಕ್ಕೆ ಅಷ್ಟೇನೂ ಲಾಭವಿಲ್ಲ. ಹೆಗಲ ಪಟ್ಟಿ ಸಿಕ್ಕಿಸಿಕೊಳ್ಳಲು ಚೆನ್ನಾಗಿದೆ ಬಿಡಿ. ಆದರೆ ಅದನ್ನು ಕೆತ್ತುವ ಕೂಲಿ ನಮ್ಮ ಜೇಬಿನಿಂದಲೇ ಹೋಗಬೇಕು. ನಾನು ನೋಡಿದ ಮಟ್ಟಿಗೆ ಅದೇ ಮರ, ಅದೇ ಕೆಲಸದ ಎಫ್‌ಗೆ ಎ ಗಿಂತ ಒಂದೂವರೆಯಿಂದ ಎರಡು ಪಟ್ಟು ಬೆಲೆ. ಅಂದರೆ 100ರಲ್ಲಿ ಎಫ್ ಬೇಕೆಂದರೆ ಮರದಲ್ಲಿ ಎಲ್ಲೋ ಒಂದು ಕಡೆ ಖೋತಾ ಆಗಲೇಬೇಕು.

ಎರಡನೆಯದು ಹಳೇದು. 30ಕ್ಕೆ ಸಿಕ್ಕಿತು. "ತಂತಿ ಬದಲಿಸಿದರೆ ಸಾಕು" ಅಂದರು ಮಾರಿದವರು. ನೆಕ್ (ವಾದ್ಯದ ಉದ್ದನೆಯ ಕತ್ತು) ಒಳಗೆ ಅದರ ಬಾಗು ತಿದ್ದುವ ಕಂಬಿ, ಟ್ರಸ್ ರಾಡ್, ಇರಲಿಲ್ಲ, ಅದು ಗೊತ್ತಿದ್ದೇ ತಗೊಂಡೆ. ನೆಕ್ ತಿರುಚಿಕೊಂಡಿದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಜಿ ಕಡೆ ನೇರ, ತೆಳ್ಳನೆಯ ಇ ತಂತಿಯ ಕಡೆ ಬಿಲ್ಲು. 12ನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಅಡ್ಡಗೆರೆಗಳೇ ಫ್ರೆಟ್) ತಂತಿ ಎತ್ತರ ನಾಲ್ಕು ಮಿಲಿಮೀಟರ್ ದಾಟಿತ್ತು. ನಾಲ್ಕು ಜೋಡಿ, ಅಂದರೆ ಎಂಟು ತಂತಿ ಸೇರಿ ಸುಮಾರು 80 ಕಿಲೋ ಎಳೆಯುತ್ತವೆ ಸ್ವಾಮಿ, ಮಧ್ಯಮ ದಪ್ಪದ ಮೀಡಿಯಂ ಸೆಟ್ ಹಾಕಿದರೆ. ಎಷ್ಟೋ ವರ್ಷ ಎಳೆಸಿಕೊಂಡ ನೆಕ್ ಅದು. ಬಿಲ್ಲಾಗಿ ಬಗ್ಗಿದ್ದರೆ ಏನಾದರೂ ಮಾಡಬಹುದಿತ್ತು. ತಿರುಚಿದ್ದಕ್ಕೆ ಫ್ರೆಟ್ ಎಲ್ಲ ಕಿತ್ತು, ಹಲಗೆ ಉಜ್ಜಿ, ಮತ್ತೆ ಕೂರಿಸಬೇಕು. ಅದಕ್ಕೆ ಕೇಳಿದ ಕೂಲಿ ವಾದ್ಯಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ. ಬಿರಡೆ ಮತ್ತು ತಂತಿಯ ಬುಡ ಸಿಕ್ಕಿಸುವ ಟೇಲ್‌ಪೀಸ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಗೋಡೆಗೆ ನೇತುಹಾಕಿದೆ. ಎರಡೂ ಸೇರಿ ಹತ್ತಿರ ಹತ್ತಿರ 60 ಮಣ್ಣುಪಾಲು.

ಮೂರನೇ ಸಲ ಒಂದು ಹಟ ಹಿಡಿದೆ. ಪೂರ್ತಿ 100 ವಾದ್ಯಕ್ಕೆ ಸುರಿಯಬಾರದು. 70 ದಾಟಬಾರದು. ಉಳಿದದ್ದು ಫ್ರೆಟ್, ನಟ್ (ತಲೆಯ ಹತ್ತಿರ ತಂತಿ ಕೂರುವ ಪಟ್ಟಿ), ಬ್ರಿಡ್ಜ್‌ಗೆ (ಮುಂಭಾಗದ ಹಲಗೆಯ ಮೇಲೆ ತಂತಿ ಎತ್ತಿ ಹಿಡಿಯುವ ಕುದುರೆ). ಆಕಾರ ಎ. ಟಾಪ್, ಅಂದರೆ ಮುಂಭಾಗದ ಹಲಗೆ, ಗಟ್ಟಿ (ಪದರವಿಲ್ಲದ) ಸ್ಪ್ರೂಸ್ ಮರ, ಹಿಂಬದಿ ಮತ್ತು ಪಕ್ಕ ಗಟ್ಟಿ ಮೇಪಲ್, ಅದೂ ಕೆತ್ತಿದ್ದು. ಶಾಖ ಕೊಟ್ಟು ಒತ್ತಿ ಬಗ್ಗಿಸಿದ ಟಾಪ್ ಕೂಡ ಗಟ್ಟಿ ಮರ ಅಂತಲೇ ಮಾರಾಟವಾಗುತ್ತದೆ, ಹುಷಾರು. ಹೊಸದು ನೋಡುವವರಿಗೆ ಈಸ್ಟ್‌ಮನ್ ಎಂಡಿ305, ಕೆಂಟಕಿ ಕೆಎಂ-150 ಈ ಜಾತಿಯವು. ಎರಡನ್ನೂ ನುಡಿಸಿ ನೋಡಿದ್ದೇನೆ, ಬೇಡ ಅನ್ನಲು ಕಾರಣವಿಲ್ಲ. ನಾನು ತಗೊಂಡಿದ್ದು ಯಾವ ಕಂಪನಿಯದು ಅಂತ ಹೇಳಲ್ಲ. ಅಂಥದ್ದೇ ಇನ್ನೊಂದು ಹುಡುಕುತ್ತಿದ್ದೇನೆ, ಸುಮ್ನೆ ಪೈಪೋಟಿ ಯಾಕೆ.

ಅದು ಸಿಕ್ಕಿದ್ದು ಹೇಗೆ ಅಂದರೆ, ಯಾರೂ ಕೊಳ್ಳದೆ ಬಹಳ ದಿನ ಉಳಿದಿತ್ತು. ಮೀಟಿದವರೆಲ್ಲ ಮುಖ ಹಿಂಡಿ ಪಕ್ಕಕ್ಕಿಡುತ್ತಿದ್ದರಂತೆ. ನಾನೂ ಮೀಟಿದೆ. ನಿಜವಾಗಲೂ ಮಂಕು, ಹಾಸಿಗೆಯೊಳಗಿಂದ ಬಂದ ಹಾಗಿತ್ತು ನಾದ. ಆದರೆ ಜಿ ಮೀಟಿ ಅಂಗೈಯನ್ನು ಹಿಂಬದಿಗೆ ತಾಗಿಸಿದಾಗ ಮರ ಗುಂಯ್ ಅಂತ ನಡುಗುತ್ತಿತ್ತು. ನಡುಗುವ ಮರ ಸತ್ತ ಮರ ಹೇಗಾಗುತ್ತದೆ? ಜೇಬಿನಲ್ಲಿದ್ದ ವಿಸಿಟಿಂಗ್ ಕಾರ್ಡ್ ತೆಗೆದು ಬ್ರಿಡ್ಜ್‌ನ ಪಾದದ ಕೆಳಗೆ ತೂರಿಸಿದೆ. ಇ ತಂತಿಯ ಕಡೆ ಅರ್ಧ ಕಾರ್ಡ್ ಒಳಗೆ ಹೋಯಿತು! ಪಾದ ಟಾಪ್ ಮೇಲೆ ಕೂತೇ ಇರಲಿಲ್ಲ, ಎರಡು ತುದಿಯಲ್ಲಿ ನಿಂತಿತ್ತು. ತಂತಿಯ ಶಕ್ತಿ ಮರಕ್ಕೆ ಇಳಿಯಲು ದಾರಿಯೇ ಇಲ್ಲ. ಆ ಕ್ಷಣ ಮುಖದಲ್ಲಿ ಏನೂ ತೋರಿಸದೆ ಇರುವುದು ಎಷ್ಟು ಕಷ್ಟ ಅಂತ ನನಗೇ ಗೊತ್ತು.

ಉಳಿದ ಪರೀಕ್ಷೆ ಬೇಗ ಬೇಗ ಮುಗಿಸಿದೆ. ಎಫ್ ರಂಧ್ರದ ಅಂಚಿನಲ್ಲಿ ಮರದ ಗೆರೆ ಮೇಲಿಂದ ಕೆಳಗೆ ಒಂದೇ ಸಮ ಹೋಗಿದೆ, ಪದರವಿಲ್ಲ. ಫೋನ್ ಕ್ಯಾಮೆರಾ ರಂಧ್ರಕ್ಕೆ ಒತ್ತಿ ಒಳಗೆ ನೋಡಿದೆ, ಟಾಪ್‌ಗೆ ಆಸರೆಯ ಪಟ್ಟಿಗಳಾದ ಟೋನ್ ಬಾರ್ ಎರಡೂ ಗಟ್ಟಿಯಾಗಿ ಅಂಟಿವೆ. ನೆಕ್ ತಿರುಚಿಲ್ಲ, ಟ್ರಸ್ ರಾಡ್ ತಿರುಗುತ್ತದೆ. ಮೂರನೇ ಫ್ರೆಟ್ ಒತ್ತಿದಾಗ ಮೊದಲನೇ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದಿ ಉಳಿಯಬೇಕು. ಇಲ್ಲಿ ದಪ್ಪ ರಟ್ಟಿನಷ್ಟಿತ್ತು. ನಟ್ ಎತ್ತರ, ಹಾಗಾಗಿ ಮೊದಲ ಫ್ರೆಟ್ ಸ್ವರವೆಲ್ಲ ಏರು ಶ್ರುತಿ. ಒಳ್ಳೇದೇ ಆಯಿತು. ಇವೆಲ್ಲ ರಿಪೇರಿ ಆಗುವ ರೋಗಗಳು, ಆದರೆ ಬೆಲೆ ಇಳಿಸಲು ಸಾಕು. 80 ಹೇಳಿದ್ದು 68ಕ್ಕೆ ಬಂತು. ಹೇಗೆ ಇಳಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಫ್ರೆಟ್ ಸಮ ಮಾಡಿಸುವುದು ಮತ್ತು ಹೊಸ ನಟ್ ಮಾತ್ರ ಹೊರಗೆ ಕೊಟ್ಟೆ, 12 ಆಯಿತು. ನಟ್‌ನಲ್ಲಿ ತಂತಿ ಕೂರುವ ಸೀಳು ಕೊರೆಯುವುದನ್ನು ನಾನೇ ಮಾಡಲು ಹೋಗಿ ಹಿಂದೆ ಒಂದು ಹಾಳು ಮಾಡಿದ್ದೇನೆ. ಜೋಡಿ ತಂತಿಯಲ್ಲಿ ಒಂದು ಸೀಳು ಒಂಚೂರು ಆಳವಾದರೂ ಸಾಕು, ಒತ್ತದ ಬರೀ ತಂತಿಯಲ್ಲಿ ಎರಡೂ ಒಂದಾಗಿ ಕೇಳಿಸುತ್ತವೆ, ಎರಡನೇ ಫ್ರೆಟ್ ಒತ್ತಿದ ತಕ್ಷಣ ಜಗಳ ಶುರು. ಬಿರಡೆ ಕೆಟ್ಟಿದೆ ಅಂತ ತಿಂಗಳುಗಟ್ಟಲೆ ಬೈದುಕೊಂಡು ತಿರುಗಿದ್ದೆ ನಾನು.

ಬ್ರಿಡ್ಜ್ ಕೆಲಸ ನನ್ನದೇ. ಹೊಸ ಎಬೊನಿ ಬ್ರಿಡ್ಜ್, 5. ಟಾಪ್ ಮೇಲೆ ಬ್ರಿಡ್ಜ್ ನಿಲ್ಲುವ ಜಾಗದಲ್ಲಿ ಉಪ್ಪುಕಾಗದವನ್ನು ಒರಟು ಮುಖ ಮೇಲೆ ಮಾಡಿ ಟೇಪ್ ಹಚ್ಚಿ ಕೂರಿಸಿ, ಅದರ ಮೇಲೆ ಪಾದ ಇಟ್ಟು ಉಜ್ಜುವುದು ನಿಮಗೆ ಗೊತ್ತಿರುವುದೇ. ನಾನು ಮೊದಲ ಸಲ ಮಾಡಿದ ತಪ್ಪು, ಹಿಂದೆ ಮುಂದೆ ಎರಡೂ ಕಡೆ ಉಜ್ಜಿದ್ದು. ಕೈ ತನಗೆ ಗೊತ್ತಿಲ್ಲದೆ ತೂಗುತ್ತದೆ, ಪಾದದ ತಳ ದೋಣಿಯ ಹಾಗೆ ದುಂಡಾಯಿತು. ಒಂದು ಬ್ರಿಡ್ಜ್ ಹಾಗೇ ಹೋಯಿತು. (ಅದು ವಾದ್ಯದ ಜೊತೆ ಬಂದ ಹಳೇದು, ದುಃಖವಿಲ್ಲ.) ಎರಡನೇ ಸಲ ಟೇಲ್‌ಪೀಸ್ ಕಡೆಗೆ ಮಾತ್ರ ಎಳೆದೆ, ಎತ್ತಿದೆ, ಮತ್ತೆ ಎಳೆದೆ. 80ರ ಒರಟು ಕಾಗದದಲ್ಲಿ ಶುರು ಮಾಡಿ 120, ಆಮೇಲೆ ನಯವಾದ 220. ಸುಮಾರು ಒಂದು ಗಂಟೆ. ಬೆರಳೆಲ್ಲ ಕಾಡಿಗೆ ಮೆತ್ತಿದ ಹಾಗೆ ಕಪ್ಪು. ಟಾಪ್ ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಸವರಿ, ಪಾದ ಒತ್ತಿ ತೆಗೆದರೆ ಎಲ್ಲಿ ತಾಗಿದೆ ಅಂತ ಬಿಳಿಯಾಗಿ ಕಾಣುತ್ತದೆ. ಮೊದಲು ಎರಡು ಚುಕ್ಕೆ, ಆಮೇಲೆ ಅಂಚು, ಕೊನೆಗೆ ತಳಪೂರ್ತಿ ಬಿಳಿ. ಇನ್ನೊಂದು ವಿಷಯ, ತಂತಿ ಬಿಗಿದಾಗ ಎತ್ತರ ಹೊಂದಿಸುವ ಎರಡು ತಿರುಪಿನ ಮೇಲೆ ಭಾರ ಬಿದ್ದು ಪಾದ ಒಂಚೂರು ಬಾಗುತ್ತದೆ. ಹಾಗಾಗಿ ತಂತಿ ಇಲ್ಲದಾಗ ಸರಿ ಕೂತ ಪಾದ ಬಿಗಿದ ಮೇಲೆ ಸರಿ ಇರಲ್ಲ. ಇದಕ್ಕೆ ನಾನು ಮಾಡುವ ಒಂದು ಉಪಾಯ ಇದೆ, ಅದನ್ನು ಬರೆಯಲ್ಲ. ಎರಡು ಬ್ರಿಡ್ಜ್ ಹಾಳು ಮಾಡಿಕೊಂಡರೆ ನಿಮಗೇ ಹೊಳೆಯುತ್ತದೆ.

ತಂತಿ ಹಾಕಿ, 12ನೇ ಫ್ರೆಟ್ ಒತ್ತಿದ ಸ್ವರ ಮತ್ತು ಅದೇ ಜಾಗದ ಹಾರ್ಮಾನಿಕ್ (ಒತ್ತದೆ ಬೆರಳು ಬರೀ ತಾಗಿಸಿ ಮೀಟಿದಾಗ ಬರುವ ಸ್ವರ) ಒಂದಾಗುವವರೆಗೆ ಬ್ರಿಡ್ಜ್ ಹಿಂದೆ ಮುಂದೆ ಸರಿಸಿದೆ. ಎತ್ತರ ಜಿ ಕಡೆ ಎರಡು ಮಿಲಿಮೀಟರ್‌ಗೆ ಒಂಚೂರು ಕಮ್ಮಿ, ಇ ಕಡೆ ಒಂದೂವರೆ. ಆಮೇಲೆ ಎಲ್ಲ ತಂತಿ ಒಟ್ಟಿಗೆ ಒಂದು ಸಲ ಎಳೆದೆ.

ಪಕ್ಕದ ಕೋಣೆಯಿಂದ "ಹೊಸದು ತಂದ್ಯಾ?" ಅಂತ ಕೇಳಿದರು.

ಮನೆಯಲ್ಲಿ ಹಾಗೆ ಕೇಳಿದ್ದು ಸಾಕಾಗಿತ್ತು ನನಗೆ, ಆದರೂ ಸುಮ್ನೆ ಕೂರಲಾಗಲಿಲ್ಲ. ಮೀಡಿಯಂ ಸೆಟ್ ತೆಗೆದು ತೆಳು ತಂತಿಯ ಲೈಟ್ ಸೆಟ್ ಹಾಕಿ ನೋಡಿದೆ, ಒಟ್ಟು ಎಳೆತ 70 ಕಿಲೋ ಹತ್ತಿರಕ್ಕೆ ಇಳಿಯುತ್ತದೆ. ಬೆರಳಿಗೆ ಸುಖ, ಕಿವಿಗೆ ಬರಗಾಲ. ಮತ್ತೆ ಮೀಡಿಯಂ. ಮೀಟುವ ಪಿಕ್ ಮುಕ್ಕಾಲು ಮಿಲಿಮೀಟರಿನದು ಬಿಟ್ಟು ಒಂದೂವರೆ ಮಿಲಿಮೀಟರಿನ ದುಂಡು ಮೂಲೆಯದು ಹಿಡಿದೆ. ಇದಕ್ಕೆ ಖರ್ಚು ಏನೇನೂ ಅಲ್ಲ, ಆದರೆ ಬ್ರಿಡ್ಜ್ ಬಿಟ್ಟರೆ ಅತಿ ಜಾಸ್ತಿ ವ್ಯತ್ಯಾಸ ಮಾಡಿದ್ದು ಇದೇ. ಬ್ರಿಡ್ಜ್‌ನಿಂದ ಟೇಲ್‌ಪೀಸ್‌ವರೆಗಿನ ತಂತಿ ತುಂಡುಗಳ ನಡುವೆ ಹಳೇ ಬೆಲ್ಟಿನ ಚರ್ಮದ ಚೂರು ಸಿಕ್ಕಿಸಿದೆ, ಮೀಟಿ ನಿಲ್ಲಿಸಿದ ಮೇಲೂ ಉಳಿಯುತ್ತಿದ್ದ ಕಿಣಿಕಿಣಿ ಹೋಯಿತು. ಹಿಂಬದಿಯನ್ನು ಹೊಟ್ಟೆಗೆ ಒತ್ತದೆ ಒಂದು ಬೆರಳು ದೂರ ಹಿಡಿದರೂ ನಾದ ಬಿಚ್ಚಿಕೊಳ್ಳುತ್ತದೆ, ಪರೀಕ್ಷೆ ಮಾಡಿ.

ಗಮಕದ ಆಸೆಗೆ ಒಂದು ವಾರ ಪ್ರತಿ ಜೋಡಿಯಲ್ಲೂ ಒಂದು ತಂತಿ ಬಿಚ್ಚಿಟ್ಟಿದ್ದೆ. ಜೋಡಿಯನ್ನು ಬದಿಗೆ ಎಳೆದರೆ ಎರಡೂ ಒಂದೇ ಸಮ ಏರಲ್ಲ, ಅಪಶ್ರುತಿ ಕೇಳಿಸುತ್ತದೆ ಅಲ್ವಾ. ಒಂಟಿ ತಂತಿಯಲ್ಲಿ ಜಾರು ಸೊಗಸಾಗಿ ಬಂತು, ಆದರೆ ಎಳೆತ ಅರ್ಧಕ್ಕರ್ಧ ಇಳಿದು ವಾದ್ಯ ಪಿಸುಗುಟ್ಟತೊಡಗಿತು. ಕರ್ನಾಟಕ ಸಂಗೀತದ ಯು. ಶ್ರೀನಿವಾಸ್ ಜೋಡಿ ಬಿಟ್ಟು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದು ಯಾಕೆ ಅಂತ ಆ ವಾರ ಬೆರಳಿಗೇ ಅರ್ಥವಾಯಿತು. ಆ ದಾರಿಗೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಬೇಕು, ಬೇರೆ ವಾದ್ಯವೇ ಬೇಕು. ತಂತಿ ವಾಪಸ್ ಹಾಕಿದೆ.

ಲೆಕ್ಕ ಕೇಳುವವರಿಗೆ: ವಾದ್ಯ 68, ಫ್ರೆಟ್ ಮತ್ತು ನಟ್ 12, ಬ್ರಿಡ್ಜ್ 5, ಎರಡು ಸೆಟ್ ತಂತಿ 3, ಗಟ್ಟಿ ಪೆಟ್ಟಿಗೆ 8. ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು. ಟೇಲ್‌ಪೀಸ್ ಎರಡನೇ ವಾದ್ಯದ್ದೇ ಹಾಕಿದೆ, ಆ 30ರಲ್ಲಿ ಅಷ್ಟಾದರೂ ವಸೂಲಾಗಲಿ ಅಂತ.

ಸತ್ತ ಮರ ಅಂದ ಹಿರಿಯರು ಮೊನ್ನೆ ಬಂದಿದ್ದರು. ಇಪ್ಪತ್ತು ನಿಮಿಷ ಕೆಳಗಿಡಲಿಲ್ಲ. ಕೊನೆಗೆ "ತಂತಿ ಯಾವುದಯ್ಯ ಹಾಕಿದ್ದು?" ಅಂತ ಕೇಳಿ ಬರೆದುಕೊಂಡು ಹೋದರು. ತಂತಿಯ ಹೆಸರು ಹೇಳಿದೆ, ಬ್ರಿಡ್ಜ್ ಸುದ್ದಿ ಎತ್ತಲಿಲ್ಲ. 15ನೇ ಫ್ರೆಟ್‌ನಲ್ಲಿ ಎ ತಂತಿ ಇನ್ನೂ ಸ್ವಲ್ಪ ಸಿಡಿಮಿಡಿ ಅನ್ನುತ್ತದೆ, ಅದನ್ನು ಅವರು ಗಮನಿಸಲಿಲ್ಲ. ನಾನು ಅಲ್ಲಿಗೆ ಹೋಗುವುದೇ ಕಮ್ಮಿ.